ಬಂದರಿನ ಕಪ್ಪುಬಿಳುಪು ಕಲ್ಲಚ್ಚು ಚಿತ್ರವನ್ನು ನೋಡುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಶಾಂತವಾದ ಬಂದರಿನ ಕಪ್ಪುಬಿಳುಪು ಲಿಥೋಗ್ರಾಫ್, ಅಂದರೆ ಕಲ್ಲಚ್ಚು ಚಿತ್ರದ ಮುಂದೆ ನಿಂತವರು ಸಾಮಾನ್ಯವಾಗಿ ‘ಚೆನ್ನಾಗಿದೆ, ಫೋಟೋ ಇದ್ದ ಹಾಗೇ ಇದೆ’ ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ. ಬಣ್ಣವಿಲ್ಲ, ಕಥೆಯಿಲ್ಲ, ಮನುಷ್ಯರೂ ಹೆಚ್ಚಾಗಿ ಕಾಣಿಸುವುದಿಲ್ಲ. ಒಂದೆರಡು ದೋಣಿ, ಒಂದು ದಕ್ಕೆ (ದೋಣಿಗಳನ್ನು ಕಟ್ಟುವ ಕಟ್ಟೆ), ಅಲುಗದ ನೀರು, ಅಷ್ಟೆ. ಆದರೆ ಆ ನೀರು ಅಲುಗುತ್ತಿಲ್ಲವೆಂದು ನಮಗೆ ತಿಳಿದದ್ದು ಹೇಗೆ, ಕಾಗದಕ್ಕೆ ಹತ್ತಿದ ಮಸಿ ಮೌನದ ಅನುಭವ ಕೊಟ್ಟದ್ದು ಹೇಗೆ ಎಂದು ಕೇಳಿಕೊಂಡರೆ ಉತ್ತರ ಚಿತ್ರದೊಳಗೇ ಸಿಗುತ್ತದೆ. ಕಲಾವಿದ ಕಲ್ಲನ್ನು ಎಲ್ಲಿ ಮುಟ್ಟದೆ ಬಿಟ್ಟ, ಬೂದು ಛಾಯೆಗಳನ್ನು ಎಲ್ಲಿ ಒಂದಕ್ಕೊಂದು ಹತ್ತಿರ ಇರಿಸಿದ, ಗಾಢವಾದ ಕಪ್ಪನ್ನು ಯಾವ ಜಾಗಕ್ಕೆಂದು ಕಾಯ್ದಿಟ್ಟ ಎಂಬ ನಿರ್ಧಾರಗಳೇ ಆ ಮೌನವನ್ನು ಕಟ್ಟಿರುತ್ತವೆ. ಆ ನಿರ್ಧಾರಗಳನ್ನು ಒಂದೊಂದಾಗಿ ಗುರುತಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುವುದರಿಂದ, ನೀರನ್ನು ಅಭ್ಯಾಸ ಮಾಡಬೇಕಾದ ಕಡೆ ನಮ್ಮ ಕೆರೆಯನ್ನೇ ಬಳಸಿಕೊಂಡಿದ್ದೇನೆ.

ಮೊದಲ ಹೆಜ್ಜೆ: ಕಲ್ಲಿನ ಕೆಲಸವನ್ನು ತಿಳಿಯುವುದು

ಚಿತ್ರವನ್ನು ನೋಡುವ ಮೊದಲು ಅದು ಕಾಗದಕ್ಕೆ ಇಳಿದ ಬಗೆಯನ್ನು ತಿಳಿದಿರಬೇಕು. ಮ್ಯೂನಿಕ್ ನಗರದ ಅಲೋಯ್ಸ್ ಸೆನೆಫೆಲ್ಡರ್ ತಾನು ಬರೆದ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಮುದ್ರಿಸುವ ದಾರಿ ಹುಡುಕುತ್ತ, 1796ರಿಂದ 1798ರ ನಡುವೆ ಈ ವಿಧಾನವನ್ನು ರೂಪಿಸಿದ. ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲ ಎಂಬ ಒಂದೇ ಸಂಗತಿಯ ಮೇಲೆ ಇಡೀ ವಿದ್ಯೆ ನಿಂತಿದೆ. ಜರ್ಮನಿಯ ಬವೇರಿಯ ಪ್ರಾಂತ್ಯದ ಸೋಲ್ನ್‌ಹೋಫೆನ್‌ನಲ್ಲಿ ಸಿಗುವ ನಯವಾದ ಸುಣ್ಣಕಲ್ಲಿನ ದಪ್ಪ ಹಲಗೆಯನ್ನು ನೀರು ಮತ್ತು ಮರಳಿನಂಥ ಪುಡಿಯಿಂದ ಉಜ್ಜಿ ಸಮ ಮಾಡುತ್ತಾರೆ. ಮೇಣ, ಕೊಬ್ಬು, ಸಾಬೂನು, ಅರಗು, ಕಾಡಿಗೆ ಸೇರಿಸಿ ಮಾಡಿದ ಜಿಡ್ಡಿನ ಬಳಪದಿಂದ ಕಲಾವಿದ ಅದರ ಮೇಲೆ ನೇರವಾಗಿ ಬರೆಯುತ್ತಾನೆ. ಅನಂತರ ಜಾಲಿ ಜಾತಿಯ ಮರದ ಗೋಂದಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಕಲ್ಲಿಗೆ ಹಚ್ಚುತ್ತಾರೆ. ಬರೆದ ಜಾಗ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ಬರೆಯದ ಜಾಗ ನೀರನ್ನು ಹಿಡಿದುಕೊಳ್ಳುತ್ತದೆ. ಕಲ್ಲನ್ನು ಒದ್ದೆ ಮಾಡಿ, ಎಣ್ಣೆಮಸಿಯ ಉರುಳೆಯನ್ನು ಆಡಿಸಿದರೆ ಮಸಿ ಬರೆದಲ್ಲಿ ಮಾತ್ರ ಕೂರುತ್ತದೆ. ಮೇಲೆ ಕಾಗದ ಇಟ್ಟು ಅಚ್ಚುಯಂತ್ರದ ಒತ್ತಡದಡಿ ಎಳೆದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಪಾಲಿಶ್ ಮಾಡದ ಶಹಾಬಾದ್ ಕಲ್ಲು ಹಾಸಿದ ಹಳೆಯ ಅಡುಗೆಮನೆಯಲ್ಲಿ ಒಗ್ಗರಣೆಯ ಎಣ್ಣೆ ಸಿಡಿದು ಕಲೆಯಾದ ಜಾಗದ ಮೇಲೆ ಒದ್ದೆ ಬಟ್ಟೆ ಎಳೆದರೆ, ಸುತ್ತಲಿನ ಕಲ್ಲು ನೀರು ಕುಡಿದು ಕಪ್ಪಾಗುತ್ತದೆ, ಕಲೆಯ ಮೇಲೆ ಮಾತ್ರ ನೀರು ಹನಿಹನಿಯಾಗಿ ಒಡೆದು ನಿಲ್ಲುತ್ತದೆ. ಶಹಾಬಾದ್ ಕಲ್ಲೂ ಸುಣ್ಣಕಲ್ಲಿನ ಜಾತಿಯದೇ. ದುರ್ಗದ ಕೋಟೆಯ ಬಂಡೆಗಳಿಂದ ಈ ಕೆಲಸ ಆಗದು. ಅವುಗಳ ಹರಳುಗಳು ದಪ್ಪ, ಕಲ್ಲು ಗಡುಸು, ಜಿಡ್ಡನ್ನೂ ನೀರನ್ನೂ ಒಂದೇ ಹದದಲ್ಲಿ ಹೀರಿಕೊಳ್ಳುವ ಗುಣ ಅವಕ್ಕಿಲ್ಲ.

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. 1843ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲೇ ಮುದ್ರಣವಾಯಿತು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಪ್ರೆಸ್ಸಿನಿಂದ ನಮ್ಮ ದೇವರಮನೆಗಳಿಗೆ ಬಂದ ಲಕ್ಷ್ಮಿ, ಸರಸ್ವತಿಯರ ಪಟಗಳೂ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಬಳಸಿ ತೆಗೆದ ಅಚ್ಚುಗಳು. ಕಪ್ಪುಬಿಳುಪು ಚಿತ್ರಕ್ಕೆ ಒಂದೇ ಕಲ್ಲು, ಒಂದೇ ಮಸಿ ಸಾಕು. ಹಾಗಾಗಿ ಅಲ್ಲಿ ಕಲಾವಿದನ ಕೈಯನ್ನು ಮರೆಮಾಡುವ ಬೇರೆ ಯಾವುದೂ ಇರುವುದಿಲ್ಲ.

ಈ ಕೆಲಸದಿಂದ ಹುಟ್ಟುವ ಎರಡು ಸಂಗತಿಗಳು ನೋಡುಗನಿಗೆ ಮುಖ್ಯ. ಒಂದು, ಬಿಳಿ ಮಸಿ ಎಂಬುದು ಅಲ್ಲಿ ಇಲ್ಲವೇ ಇಲ್ಲ. ನೀವು ನೋಡುವ ಬೆಳಕೆಲ್ಲ ಮುಟ್ಟದೆ ಬಿಟ್ಟ ಅಥವಾ ಬರೆದ ಮೇಲೆ ಕೆರೆದು ತೆಗೆದ ಜಾಗದಲ್ಲಿ ಉಳಿದ ಬರಿಯ ಕಾಗದ. ಇನ್ನೊಂದು, ಕಲ್ಲಿನ ಮೇಲೆ ಬರೆದದ್ದು ಕಾಗದದಲ್ಲಿ ಎಡಬಲ ತಿರುಗಿ ಬರುತ್ತದೆ. ಕಲಾವಿದ ಕಂಡದ್ದನ್ನು ಕಂಡ ಹಾಗೆಯೇ ಕಲ್ಲಿಗೆ ಬರೆದಿದ್ದರೆ, ನಿಜವಾದ ಬಂದರಿನಲ್ಲಿ ಬಲಗಡೆ ಇದ್ದ ದಕ್ಕೆ ಚಿತ್ರದಲ್ಲಿ ಎಡಗಡೆಗೆ ಬಂದಿರುತ್ತದೆ. ದೋಣಿಯ ಮೇಲಿನ ಹೆಸರು ಸರಿಯಾಗಿ ಓದಲು ಬರುತ್ತಿದ್ದರೆ, ಒಂದೋ ಅವನು ಅದನ್ನು ಹಿಂದುಮುಂದಾಗಿ ಬರೆದಿದ್ದಾನೆ, ಇಲ್ಲವೇ ವಿಶೇಷ ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸಿದ್ದಾನೆ.

ಎರಡನೆಯ ಹೆಜ್ಜೆ: ನಿಜವಾದ ಕಲ್ಲಚ್ಚೇ ಎಂದು ಖಚಿತಪಡಿಸಿಕೊಳ್ಳುವುದು

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ ಇದ್ದರೆ ಸಾಕು. ಅಕ್ಕಸಾಲಿಗರ ಬಳಿಯೂ ಅಚ್ಚುಕೂಟದವರ ಬಳಿಯೂ ಇರುವಂಥದ್ದು. ಮೊದಲು ಯಾವುದಾದರೂ ಮದುವೆಯ ಲಗ್ನಪತ್ರಿಕೆಯಲ್ಲಿ ಅಚ್ಚಾದ ದೇವರ ಚಿತ್ರವನ್ನು ಅದರ ಕೆಳಗೆ ಇಟ್ಟು ನೋಡಿ. ಆಫ್‌ಸೆಟ್ ಮುದ್ರಣದ ಚುಕ್ಕಿಗಳು ಸಾಲುಸಾಲಾಗಿ, ಅಳತೆ ಹಿಡಿದು ಜೋಡಿಸಿದಂತೆ ಕಾಣುತ್ತವೆ. ಬಳಿಕ ಬಂದರಿನ ಚಿತ್ರವನ್ನು ನೋಡಿ. ಕೈಯಿಂದ ಬರೆದ ಕಲ್ಲಚ್ಚಿನಲ್ಲಿ ಚುಕ್ಕಿಗಳು ಸಾಲು ಹಿಡಿಯುವುದಿಲ್ಲ; ಕಲ್ಲಿನ ಸಣ್ಣ ಉಬ್ಬುಗಳ ತಲೆಗೆ ಮಾತ್ರ ಬಳಪ ತಾಗಿ, ತಗ್ಗುಗಳು ಬಿಳಿಯಾಗಿಯೇ ಉಳಿದು, ಒಂದು ಇನ್ನೊಂದರಂತಿಲ್ಲದ ಕಾಳುಗಳು ಎಲ್ಲೆಡೆ ಹರಡಿರುತ್ತವೆ. ಕಪ್ಪು ಮಸಿಯ ಬದಲು ಹಳದಿ, ಗುಲಾಬಿ, ನೀಲಿಯ ಸೂಕ್ಷ್ಮ ಹನಿಗಳು ಕಂಡರೆ ಅದು ಇಂಕ್‌ಜೆಟ್ ಪ್ರತಿ. ಚಿತ್ರದ ಸುತ್ತ ಕಾಗದದಲ್ಲಿ ತಟ್ಟೆಯ ಅಂಚು ಒತ್ತಿ ತಗ್ಗಾದ ಗುರುತಿದ್ದರೆ ಅದು ತಾಮ್ರದ ಅಥವಾ ಸತುವಿನ ತಟ್ಟೆಯಿಂದ ತೆಗೆದ ಎಚಿಂಗ್ ಇರಬಹುದು; ಕಲ್ಲಚ್ಚಿನಲ್ಲಿ ಸಾಮಾನ್ಯವಾಗಿ ಅಂಥ ತಗ್ಗು ಇರುವುದಿಲ್ಲ, ಬೆರಳಿಗೆ ಸಿಗುವಷ್ಟು ಮಸಿಯ ಉಬ್ಬೂ ಇರುವುದಿಲ್ಲ.

ಪುಸ್ತಕದಲ್ಲೋ ಮೊಬೈಲಿನಲ್ಲೋ ಕಾಣುವ ಪ್ರತಿಯಿಂದಲೂ ಕಲಿಯಬಹುದು, ಸಂಕೋಚ ಬೇಡ. ಆದರೆ ಅಲ್ಲಿ ಕಾಳಿನ ಗುಣ ಮತ್ತು ಕಪ್ಪಿನ ಆಳ ಎರಡೂ ಕುಗ್ಗಿರುತ್ತವೆ ಎಂಬ ಎಚ್ಚರ ಇರಲಿ.

ಮೂರನೆಯ ಹೆಜ್ಜೆ: ಹೆಸರಿಡದೆ ನೋಡುವುದು

ಚಿತ್ರವನ್ನು ಕಿಟಕಿಗೆ ಎದುರಾಗಿ ಇಡಬೇಡಿ, ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಬೆಳಕು ಒಂದು ಮಗ್ಗುಲಿನಿಂದ ಬೀಳಲಿ. ಎರಡು ಮಾರು ದೂರದಲ್ಲಿ ಕುಳಿತು, ಕಣ್ಣನ್ನು ಅರ್ಧ ಮುಚ್ಚಿ ನೋಡಿ. ದೋಣಿ, ಹಗ್ಗ, ಮನೆ ಎಂಬ ಹೆಸರುಗಳು ಆಗ ಕರಗಿ, ದೊಡ್ಡ ದೊಡ್ಡ ಛಾಯೆಯ ತುಂಡುಗಳು ಉಳಿಯುತ್ತವೆ. ಅವನ್ನು ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಒರಟಾಗಿ ಗುರುತು ಮಾಡಿಕೊಳ್ಳಿ. ಶಾಂತ ಬಂದರಿನ ಒಳ್ಳೆಯ ಚಿತ್ರದಲ್ಲಿ ಇಂಥ ತುಂಡುಗಳು ಬಹಳ ಇರುವುದಿಲ್ಲ, ಮತ್ತು ಅವುಗಳಲ್ಲಿ ಹೆಚ್ಚಿನವು ಅಡ್ಡಡ್ಡ ಮಲಗಿರುತ್ತವೆ: ಆಕಾಶ, ಆಚೆ ದಡ, ನೀರು, ಈಚೆಯ ದಕ್ಕೆ. ಅಡ್ಡಗೆರೆ ಕಣ್ಣನ್ನು ನಿಲ್ಲಿಸುತ್ತದೆ, ಓರೆಗೆರೆ ಓಡಿಸುತ್ತದೆ. ಬಿರುಗಾಳಿಯ ಸಮುದ್ರವನ್ನು ಬರೆಯುವವರು ಕೂವೆಮರಗಳನ್ನು, ಅಂದರೆ ಹಾಯಿ ಕಟ್ಟುವ ಕಂಬಗಳನ್ನು, ಓರೆಯಾಗಿ ಬಗ್ಗಿಸುವುದೂ, ಶಾಂತಿಯನ್ನು ಬರೆಯುವವರು ಅವನ್ನು ನೆಟ್ಟಗೆ ನಿಲ್ಲಿಸುವುದೂ ಇದೇ ಕಾರಣಕ್ಕೆ. ನಿಮ್ಮ ಹಾಳೆಯಲ್ಲಿ ಓರೆಗೆರೆ ಇದ್ದರೆ ಅದನ್ನು ಬೇರೆಯಾಗಿ ಗುರುತಿಸಿ. ಒಂದು ಓರೆಯಾದ ಏಣಿ, ಕಟ್ಟೆಗೆ ಒರಗಿಸಿದ ಒಂದು ಹುಟ್ಟು ಇಡೀ ಚಿತ್ರಕ್ಕೆ ಉಸಿರು ಕೊಟ್ಟಿರಬಹುದು.

ನಾಲ್ಕನೆಯ ಹೆಜ್ಜೆ: ಛಾಯೆಗಳನ್ನು ಅಳೆಯುವುದು

ಒಂದು ಉದ್ದನೆಯ ಬಿಳಿ ಪಟ್ಟಿಯನ್ನು ಏಳು ಮನೆಗಳಾಗಿ ಭಾಗಮಾಡಿ, ಮೊದಲನೆಯದನ್ನು ಬಿಳಿಯಾಗಿಯೇ ಬಿಟ್ಟು, ಕೊನೆಯದನ್ನು ಸಾಧ್ಯವಾದಷ್ಟು ಕಪ್ಪು ಮಾಡಿ, ನಡುವಿನ ಐದನ್ನು ಪೆನ್ಸಿಲಿನಿಂದ ಸಮನಾಗಿ ಏರಿಸಿಕೊಂಡು ಹೋಗಿ. ಈ ಪಟ್ಟಿಯನ್ನು ಚಿತ್ರಕ್ಕೆ ತಾಗಿಸದೆ ಗಾಜಿನ ಹತ್ತಿರ ಹಿಡಿದು, ಒಂದೊಂದು ಜಾಗ ಯಾವ ಮನೆಗೆ ಸೇರುತ್ತದೆ ಎಂದು ನೋಡಿ. ಬೆಳಗಿನ ಮಂಜಿನ ಬಂದರಾದರೆ ಚಿತ್ರದ ಬಹುಭಾಗ ಎರಡು, ಮೂರು, ನಾಲ್ಕನೆಯ ಮನೆಗಳಲ್ಲೇ ಮುಗಿದಿರುತ್ತದೆ. ಛಾಯೆಗಳ ನಡುವೆ ಹಾರಿಕೆ ಚಿಕ್ಕದಾದಷ್ಟೂ ಕಣ್ಣು ಮೆಲ್ಲಗೆ ನಡೆಯುತ್ತದೆ. ಏಳನೆಯ ಮನೆಯ ಕಪ್ಪು ಎಲ್ಲಿದೆ ಎಂದು ಆಮೇಲೆ ಹುಡುಕಿ. ಸಾಮಾನ್ಯವಾಗಿ ದಕ್ಕೆಯ ಅಡಿಯ ನೆರಳಿನಲ್ಲೋ, ಹತ್ತಿರದ ದೋಣಿಯ ಹೊಟ್ಟೆ ನೀರಿಗೆ ತಾಗುವಲ್ಲೋ ಇರುತ್ತದೆ. ಆ ಜಾಗವನ್ನು ಹೆಬ್ಬೆರಳಿನಿಂದ ಮರೆಮಾಡಿ ಚಿತ್ರವನ್ನು ಮತ್ತೆ ನೋಡಿದರೆ, ಬೂದು ಛಾಯೆಗಳೆಲ್ಲ ತಕ್ಷಣ ಬೆಳಕು ಕಳೆದುಕೊಂಡು ಮಂಕಾಗುತ್ತವೆ. ನಡುವಿನ ಛಾಯೆಗಳು ಬೆಳಕಾಗಿ ಕಾಣುವುದು ಆ ಕಪ್ಪಿನ ಬಲದಿಂದಲೇ ಎಂದು ಆಗ ಮನದಟ್ಟಾಗುತ್ತದೆ.

ಮಸಿ ಹೆಚ್ಚಾಗಿ ಕೂತ ಕೆಟ್ಟ ಪ್ರತಿಯನ್ನೂ ಇದೇ ಹಂತದಲ್ಲಿ ಗುರುತಿಸಬಹುದು. ಒಳ್ಳೆಯ ಪ್ರತಿಯಲ್ಲಿ ಕಪ್ಪಿಗೆ ಹತ್ತಿರವಾದ ಬೂದಿನೊಳಗೂ ಬಿಳಿಯ ಸೂಜಿಮೊನೆಯಷ್ಟು ಚುಕ್ಕಿಗಳು ಉಳಿದಿರುತ್ತವೆ. ಕೆಟ್ಟದ್ದರಲ್ಲಿ ಅವೆಲ್ಲ ಮುಚ್ಚಿಹೋಗಿ ನೆರಳುಗಳು ಕೆಸರಿನಂತಾಗಿರುತ್ತವೆ.

ಐದನೆಯ ಹೆಜ್ಜೆ: ನೀರನ್ನು ಓದುವುದು

ಬಂದರಿನ ಚಿತ್ರದಲ್ಲಿ ಕಲಾವಿದನ ನಿಜವಾದ ಪರೀಕ್ಷೆ ನಡೆಯುವುದು ನೀರಿನಲ್ಲಿ. ಆದ್ದರಿಂದ ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಚಿತ್ರದ ಮುಂದೆ ಕೂರುವ ಮೊದಲು ಒಂದು ಬೆಳಿಗ್ಗೆ, ಗಾಳಿ ಏಳುವ ಮುನ್ನ, ದಾವಣಗೆರೆಯ ಕುಂದವಾಡ ಕೆರೆಗೋ ಚಿತ್ರದುರ್ಗದ ಚಂದ್ರವಳ್ಳಿ ಕೆರೆಗೋ ಹೋಗಿ ಬನ್ನಿ. ಸೂಳೆಕೆರೆಯೂ ಆಗುತ್ತದೆ, ಆದರೆ ಅದರ ಹರವು ದೊಡ್ಡದಾದ್ದರಿಂದ ಬಿಸಿಲೇರುವ ಹೊತ್ತಿಗೆ ಅಲೆ ಎದ್ದುಬಿಡುತ್ತದೆ.

ದಡದಲ್ಲಿ ನಿಂತು ಮೊದಲು ಕಾಲ ಬಳಿಯ ನೀರನ್ನು ನೋಡಿ. ಅದು ಕಪ್ಪಾಗಿದೆ, ಒಳಗಿನ ಪಾಚಿಯೋ ಕಲ್ಲೋ ಕಾಣುತ್ತದೆ, ಆಕಾಶ ಅಲ್ಲಿ ಅಷ್ಟಾಗಿ ಇಲ್ಲ. ಹಾಗೇ ದೃಷ್ಟಿಯನ್ನು ಆಚೆ ದಡದ ಕಡೆಗೆ ಒಯ್ಯಿರಿ. ನೀರು ಹಂತಹಂತವಾಗಿ ಬೆಳ್ಳಗಾಗುತ್ತ, ಕೊನೆಗೆ ಆಕಾಶದಷ್ಟೇ ಹೊಳೆಯುತ್ತದೆ. ನೇರವಾಗಿ ಕೆಳಗೆ ನೋಡಿದಾಗ ಬೆಳಕಿನ ಹೆಚ್ಚಿನ ಭಾಗ ನೀರಿನೊಳಕ್ಕೆ ಇಳಿದುಹೋಗುತ್ತದೆ. ನೋಟ ನೀರಿನ ಮಟ್ಟಕ್ಕೆ ಹತ್ತಿರವಾದಷ್ಟೂ ಅದು ಮೇಲ್ಮೈಯಿಂದ ತಿರುಗಿ ಕಣ್ಣಿಗೆ ಬರುತ್ತದೆ. ಬಂದರಿನ ಚಿತ್ರಗಳಲ್ಲಿ ಮುಂಭಾಗದ ನೀರು ಗಾಢವಾಗಿ, ದೂರದ ನೀರು ತೆಳುವಾಗಿ ಇರುವುದಕ್ಕೆ ಇದೇ ಕಾರಣ.

ಈಗ ಅಂಚಿನಲ್ಲಿ ನಿಂತ ಬೆಳ್ಳಕ್ಕಿಯನ್ನೂ ಅದರ ಬಿಂಬವನ್ನೂ ಹೋಲಿಸಿ. ಹಕ್ಕಿಗಿಂತ ಬಿಂಬ ಒಂದು ಮಟ್ಟ ಕಪ್ಪು. ಪಕ್ಕದ ಕಪ್ಪು ಕಂಬವನ್ನೂ ಅದರ ಬಿಂಬವನ್ನೂ ನೋಡಿದರೆ ಅಲ್ಲಿ ತಿರುಗುಮುರುಗು. ಕಂಬಕ್ಕಿಂತ ಬಿಂಬ ಒಂದು ಮಟ್ಟ ತಿಳಿ. ನೀರು ಬಿಳಿಯನ್ನು ತುಸು ಕುಗ್ಗಿಸುತ್ತದೆ, ನೀರಿನಲ್ಲಿ ತೇಲುವ ಮಣ್ಣಿನಿಂದ ಚದುರಿದ ಬೆಳಕು ಕಪ್ಪಿನ ಮೇಲೆ ಕೂತು ಅದನ್ನು ತಿಳಿಮಾಡುತ್ತದೆ. ಹಾಗಾಗಿ ಬಿಂಬದ ಛಾಯೆಗಳು ಮೇಲಿನ ದೃಶ್ಯದ ಛಾಯೆಗಳಿಗಿಂತ ಒಂದಕ್ಕೊಂದು ಹತ್ತಿರ ಬಂದಿರುತ್ತವೆ. ದೋಣಿಗೂ ಅದರ ಬಿಂಬಕ್ಕೂ ಒಂದೇ ಕಪ್ಪು ಬಳಿದ ಚಿತ್ರದಲ್ಲಿ ನೀರು ಕನ್ನಡಿಯ ಗಾಜಾಗುತ್ತದೆಯೇ ಹೊರತು ನೀರಾಗುವುದಿಲ್ಲ.

ಇನ್ನೆರಡು ಸಂಗತಿಗಳನ್ನು ಅಲ್ಲೇ ನೋಡಿಕೊಂಡು ಬನ್ನಿ. ದಡದ ಅಂಚಿನಿಂದ ಹಿಂದೆ ಸರಿದು ನಿಂತ ಮರದ ಬಿಂಬದಲ್ಲಿ ತಲೆ ಮಾತ್ರ ಕಾಣುತ್ತದೆ, ಬುಡವನ್ನು ಕೆರೆಯ ಏರಿ ಮರೆಮಾಡುತ್ತದೆ. ಏಕೆಂದರೆ ಬಿಂಬ ನಮಗೆ ಆ ದೃಶ್ಯವನ್ನು ನೀರಿನ ಕೆಳಗಿನಿಂದ ನೋಡಿದಂತೆ ತೋರಿಸುತ್ತದೆ. ಸಣ್ಣ ಗಾಳಿ ಬೀಸಿದಾಗ ನೀರಿನ ನಡುವೆ ಒಂದು ಪಟ್ಟಿ ಮಾತ್ರ ನಡುಗಿ, ಆಚೆ ದಡದ ಕಪ್ಪು ಬಿಂಬವನ್ನು ಅಡ್ಡಕ್ಕೆ ಕತ್ತರಿಸಿದಂತೆ ಬೆಳ್ಳಗೆ ಹೊಳೆಯುತ್ತದೆ. ಕಲ್ಲಚ್ಚಿನ ಕಲಾವಿದರಿಗೆ ಈ ಬಿಳಿ ಪಟ್ಟಿ ಬಹಳ ಪ್ರಿಯ. ಅದೊಂದರಿಂದಲೇ ಉಳಿದ ನೀರೆಲ್ಲ ನಿಶ್ಚಲವೆಂದು ನಮಗೆ ತಿಳಿಯುತ್ತದೆ. ಇದನ್ನು ಕಣ್ಣಾರೆ ಕಂಡು ಬಂದವರು ಚಿತ್ರದಲ್ಲಿ ಅದನ್ನು ಹುಡುಕುವ ಕಷ್ಟವೇ ಇಲ್ಲ, ಅದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಕೆರೆ ಕಲಿಸಲಾರದ ಒಂದು ವಿಷಯವಿದೆ, ಅದು ಉಬ್ಬರವಿಳಿತ. ನಮ್ಮ ಕೆರೆಯ ನೀರು ಬೆಳಗಿನಿಂದ ಸಂಜೆಗೆ ಏರಿಳಿಯುವುದಿಲ್ಲ. ಬಂದರಿನಲ್ಲಿ ದಕ್ಕೆಯ ಕಂಬಗಳ ಮೇಲೆ ಒಂದು ಎತ್ತರದವರೆಗೆ ಒದ್ದೆಯ, ಪಾಚಿಯ ಕಪ್ಪು ಪಟ್ಟಿ ಇರುತ್ತದೆ. ಆ ಪಟ್ಟಿಗೂ ಈಗಿನ ನೀರಿನ ಮಟ್ಟಕ್ಕೂ ಇರುವ ಅಂತರವೇ ಚಿತ್ರದ ಗಡಿಯಾರ. ಅಂತರ ಹೆಚ್ಚಿದ್ದರೆ ಇಳಿತದ ಹೊತ್ತು. ಕಟ್ಟಿದ ಹಗ್ಗಗಳು ದಕ್ಕೆಯಿಂದ ಕೆಳಕ್ಕೆ ಇಳಿಬಿದ್ದಿರುತ್ತವೆ, ಕೆಲವೊಮ್ಮೆ ದೋಣಿ ಕೆಸರಿನಲ್ಲಿ ಒಂದು ಮಗ್ಗುಲಿಗೆ ವಾಲಿ ಕೂತಿರುತ್ತದೆ. ಮಲ್ಪೆಗೋ ಗಂಗೊಳ್ಳಿಗೋ ಹೋದಾಗ ಮೀನಿನ ಗದ್ದಲವನ್ನು ಬಿಟ್ಟು ಒಂದಿಷ್ಟು ಹೊತ್ತು ಕಂಬಗಳನ್ನೇ ನೋಡಿ ಬನ್ನಿ.

ಆರನೆಯ ಹೆಜ್ಜೆ: ಕೈಯ ಗುರುತುಗಳು

ಈಗ ಚಿತ್ರಕ್ಕೆ ಒಂದು ಗೇಣು ದೂರಕ್ಕೆ ಬನ್ನಿ. ನನ್ನ ಬಳಿ ಇರುವ ಒಂದು ಸಣ್ಣ ಬಂದರಿನ ಕಲ್ಲಚ್ಚನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದರ ಆಕಾಶ ಇಡಿಯಾಗಿ ಗಡುಸು ಬಳಪದ ಕೆಲಸ. ಒತ್ತಡವಿಲ್ಲದೆ, ಒಂದರ ಮೇಲೊಂದರಂತೆ ಹಲವು ಪದರಗಳಲ್ಲಿ ತೇಲಿಸಿದ್ದರಿಂದ ಎಲ್ಲಿ ಆರಂಭ, ಎಲ್ಲಿ ಮುಗಿತಾಯ ಎಂದು ತಿಳಿಯುವುದಿಲ್ಲ. ಉಗ್ರಾಣದ ಹಲಗೆಗೋಡೆಗೆ ಬಂದ ಕೂಡಲೇ ಬಳಪ ಮೃದುವಾಗಿದೆ, ಕೈ ಭಾರವಾಗಿದೆ, ಒಂದೊಂದು ಹಲಗೆಗೂ ಒಂದೊಂದು ಎಳೆತ ಕಾಣುತ್ತದೆ. ದಕ್ಕೆಯ ಅಡಿಯ ಕತ್ತಲನ್ನು ಕುಂಚದಿಂದ, ದ್ರವರೂಪದ ಜಿಡ್ಡುಮಸಿಯಿಂದ ತುಂಬಿದ್ದಾನೆ. ಆ ಕತ್ತಲಿನ ನಡುವೆ, ದೋಣಿಯ ಮೂತಿಯಿಂದ ಕಂಬಕ್ಕೆ ಹೋಗುವ ಹಗ್ಗ ಒಂದು ಕೂದಲೆಳೆಯ ಬಿಳಿ ಗೆರೆ. ಅದನ್ನು ಬರೆದಿಲ್ಲ, ಮಸಿ ಒಣಗಿದ ಮೇಲೆ ಮೊನಚಾದ ಅಲಗಿನಿಂದ ಕಲ್ಲನ್ನೇ ಕೆರೆದು ತೆಗೆದಿದ್ದಾನೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಗೆರೆಯ ಎರಡೂ ಅಂಚುಗಳು ಚೂಪಾಗಿವೆ, ಒಂದು ಕಡೆ ಅಲಗು ಜಾರಿ ಗೆರೆ ಎಳ್ಳಿನಷ್ಟು ಅಗಲವಾಗಿದೆ. ಬರೆಯದೆ ಬಿಟ್ಟ ಬಿಳಿಯ ಅಂಚು ಹಾಗಿರುವುದಿಲ್ಲ, ಕಾಳುಕಾಳಾಗಿ ಮೃದುವಾಗಿ ಮುಗಿಯುತ್ತದೆ. ಬಿಟ್ಟ ಬಿಳಿ ಮತ್ತು ಕೆರೆದ ಬಿಳಿ ಎಂಬ ಈ ಭೇದವನ್ನು ಗುರುತಿಸಲು ಬಂದರೆ, ಯಾವ ಬೆಳಕನ್ನು ಕಲಾವಿದ ಮೊದಲೇ ಯೋಚಿಸಿದ್ದ, ಯಾವುದು ಕೊನೆಯಲ್ಲಿ ಬಂತು ಎಂದು ಊಹಿಸಬಹುದು. ಇಡೀ ಅಭ್ಯಾಸದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಭಾಗ ಇದು.

ಏಳನೆಯ ಹೆಜ್ಜೆ: ಅಂಚಿನ ಬರಹ

ಚಿತ್ರದ ಕೆಳಗೆ ಪೆನ್ಸಿಲಿನಿಂದ 14/50 ಎಂಬಂಥ ಅಂಕೆ ಇದ್ದರೆ, ಐವತ್ತು ಪ್ರತಿಗಳಲ್ಲಿ ಹದಿನಾಲ್ಕನೆಯ ಅಂಕೆಯ ಪ್ರತಿ ಎಂದು ಅರ್ಥ. ಚಿಕ್ಕ ಅಂಕೆ ಇದ್ದ ಮಾತ್ರಕ್ಕೆ ಅಚ್ಚು ಮೇಲಾಗುವುದಿಲ್ಲ. ಸಹಿ ಬಲಗಡೆ ಇರುವುದು ರೂಢಿ. ಹಳೆಯ ಚಿತ್ರಗಳಲ್ಲಿ ಅಂಕೆ, ಸಹಿ ಎರಡೂ ಇಲ್ಲದಿರಬಹುದು, ಅದು ದೋಷವಲ್ಲ. ಪ್ರತಿಗಳನ್ನು ತೆಗೆದಾದ ಮೇಲೆ ಸಾಮಾನ್ಯವಾಗಿ ಕಲ್ಲನ್ನು ಉಜ್ಜಿ ಆ ಚಿತ್ರವನ್ನು ಅಳಿಸಿ, ಅದೇ ಕಲ್ಲಿನ ಮೇಲೆ ಮತ್ತೊಂದನ್ನು ಬರೆಯುತ್ತಾರೆ.

ಎಂಟನೆಯ ಹೆಜ್ಜೆ: ಹೋಲಿಸಿ ನೋಡಲು ಮೂವರು

ಒಂದೇ ಚಿತ್ರವನ್ನು ನೋಡಿ ರುಚಿ ಬೆಳೆಯುವುದಿಲ್ಲ. ಫ್ರಾನ್ಸಿನ ಯುಜೀನ್ ಇಸಾಬೆ (1803–1886) 1830ರ ದಶಕದಲ್ಲಿ ತೆಗೆದ ಕಡಲ ಕಲ್ಲಚ್ಚುಗಳಲ್ಲಿ ಗಾಳಿ, ಮೋಡ, ತೇವ ತುಂಬಿವೆ. ಶಾಂತಿ ಹೇಗೆ ಕೆಡುತ್ತದೆ ಎಂದು ತಿಳಿಯಲು ಅವನನ್ನು ನೋಡಬೇಕು. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಚಿತ್ರಕಾರ ಜೇಮ್ಸ್ ವಿಸ್ಲರ್ 1878ರಲ್ಲಿ ಅಲ್ಲಿನ ಮುದ್ರಕ ಥಾಮಸ್ ವೇ ಜೊತೆ ಸೇರಿ, ಜಿಡ್ಡುಮಸಿಯನ್ನು ನೀರಿನಂತೆ ತೆಳುವಾಗಿ ಹರಡಿ ಥೇಮ್ಸ್ ನದಿಯ ಮಬ್ಬು ದಡಗಳನ್ನು ಕಲ್ಲಿಗೆ ಇಳಿಸಿದ. ಅಲ್ಲಿ ಗೆರೆ ಎಂಬುದೇ ಹೆಚ್ಚಾಗಿ ಇಲ್ಲ. ಅಮೆರಿಕದ ಸ್ಟೋ ವೆಂಗೆನ್‌ರಾತ್ (1906–1978) ಈಶಾನ್ಯ ಕರಾವಳಿಯ ದಕ್ಕೆ, ಉಗ್ರಾಣ, ದೀಪಸ್ತಂಭಗಳನ್ನು ಜೀವಮಾನವಿಡೀ ಕಪ್ಪುಬಿಳುಪು ಕಲ್ಲಚ್ಚಿನಲ್ಲಿ ಬರೆದವನು. ಅವನ ಕಲ್ಲುಗಳನ್ನು ಮುದ್ರಿಸಿದವರಲ್ಲಿ ನ್ಯೂಯಾರ್ಕಿನ ಜಾರ್ಜ್ ಸಿ. ಮಿಲ್ಲರ್ ಪ್ರಮುಖ. ನನ್ನ ದೃಷ್ಟಿಯಲ್ಲಿ ಶಾಂತ ಬಂದರಿನ ವಿಷಯದಲ್ಲಿ ಅವನಿಂದ ಕಲಿಯುವಷ್ಟು ಬೇರೆ ಯಾರಿಂದಲೂ ಕಲಿಯಲಾಗದು, ಏಕೆಂದರೆ ಅವನು ಬಿಳಿಯನ್ನು ಕಾಯುವುದರಲ್ಲಿ ಬಹಳ ಜಿಪುಣ. ವಿಸ್ಲರನ ಕಲ್ಲಚ್ಚುಗಳನ್ನು ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ತನ್ನ ಜಾಲತಾಣದಲ್ಲಿ ಹಿಗ್ಗಿಸಿ ನೋಡುವಂತೆ ಇಟ್ಟಿದೆ. ಕಾಗದದ ಮೇಲಿನ ನಿಜವಾದ ಅಚ್ಚನ್ನು ನೋಡಬೇಕೆನ್ನುವವರು ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಚಿತ್ರಕಲಾ ಪರಿಷತ್ತಿನ ಪ್ರದರ್ಶನಗಳ ಮೇಲೆ ಕಣ್ಣಿಡಬೇಕು. ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಹೋಗಿ ಮುದ್ರಣದ ಕೆಲಸಗಳಿದ್ದರೆ ಬರೆದವರನ್ನೇ ಮಾತಾಡಿಸಿ.

ಒಂಬತ್ತನೆಯ ಹೆಜ್ಜೆ: ಮನೆಯಲ್ಲಿ ಇಟ್ಟುಕೊಳ್ಳುವುದು

ನಿಜವಾದ ಪ್ರತಿ ನಿಮ್ಮದಾದರೆ, ಚೌಕಟ್ಟಿನ ಅಂಗಡಿಯಲ್ಲಿ ಅವಸರ ಬೇಡ. ಸಾಮಾನ್ಯ ರಟ್ಟು, ಹಾರ್ಡ್‌ಬೋರ್ಡ್ ಕಾಲಕ್ರಮದಲ್ಲಿ ಆಮ್ಲ ಬಿಟ್ಟು ಕಾಗದಕ್ಕೆ ಕಂದುಗೆರೆ ಹಿಡಿಸುತ್ತವೆ. ಆಮ್ಲರಹಿತ ಮೌಂಟ್ ಬೋರ್ಡನ್ನೇ ಕೇಳಿ, ಸಿಗದಿದ್ದರೆ ಬೆಂಗಳೂರಿನಿಂದ ತರಿಸಿ ಕೊಡಿ. ಚಿತ್ರವನ್ನು ಬೋರ್ಡಿಗೆ ಪೂರ್ತಿ ಅಂಟಿಸಲು, ಸೆಲ್ಲೋಟೇಪ್ ಹಚ್ಚಲು ಬಿಡಬೇಡಿ. ಮೇಲಂಚಿನಲ್ಲಿ ಎರಡು ಕಡೆ ತೆಳುವಾದ ಜಪಾನಿ ಕಾಗದದ ತುಂಡನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಟ್ಟರೆ ಸಾಕು. ಅಂಚನ್ನು ಕತ್ತರಿಸಲು ಒಪ್ಪಲೇಬೇಡಿ, ಪೆನ್ಸಿಲ್ ಬರಹ ಇರುವುದು ಅಲ್ಲೇ. ಗಾಜು ಕಾಗದಕ್ಕೆ ತಾಗದಂತೆ ಮೌಂಟಿನ ದಪ್ಪ ಇರಲಿ. ದಾವಣಗೆರೆಯ ಬೇಸಿಗೆಯಲ್ಲಿ ಪಡುವಣ ಬಿಸಿಲು ಬೀಳುವ ಗೋಡೆಯೂ, ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಯೂ ಬೇಡ. ಕಾಗದದ ಕಲಾಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಕೊಡುತ್ತವೆ, ಅಂದರೆ ಪರದೆ ಎಳೆದ ಕೋಣೆಯ ಮಂದ ಬೆಳಕು. ಚಿತ್ರದುರ್ಗದಂಥ ಗಾಳಿ-ದೂಳಿನ ಊರಿನಲ್ಲಿ ಚೌಕಟ್ಟಿನ ಹಿಂಬದಿಯ ಸಂದುಗಳನ್ನು ಕಾಗದದ ಪಟ್ಟಿಯಿಂದ ಮುಚ್ಚಿಸಿ, ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡಲು ಕೆಳಗಿನ ಎರಡು ಮೂಲೆಗಳಲ್ಲಿ ಸಣ್ಣ ಕಾರ್ಕಿನ ತುಂಡು ಹಚ್ಚಿಸಿ. ಮಳೆಗಾಲ ಮುಗಿದ ಮೇಲೆ ಪ್ರತಿವರ್ಷ ಒಮ್ಮೆ ಕೆಳಗಿಳಿಸಿ, ಬೆಳ್ಳಿಮೀನಿನಂಥ ಹುಳು ಕಾಗದವನ್ನು ಕೆರೆದ ಗುರುತು, ಕಂದು ಚುಕ್ಕಿ, ಕಾಗದದ ಅಲೆ ಇವೆಯೇ ಎಂದು ನೋಡಿ. ಕಂದು ಚುಕ್ಕಿ ಕಂಡರೆ ರಬ್ಬರಿನಿಂದಲೋ ನೀರಿನಿಂದಲೋ ಉಜ್ಜದೆ, ಕಾಗದ ಸಂರಕ್ಷಣೆಯಲ್ಲಿ ತರಬೇತಿ ಪಡೆದವರಿಗೆ ತೋರಿಸುವವರೆಗೆ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ, ಆಮ್ಲರಹಿತ ಕಾಗದದ ನಡುವೆ, ಒಣ ಕಪಾಟಿನಲ್ಲಿ ಮಲಗಿಸಿಡಿ.